ಮೊದಲು ಜನ, ಆಮೇಲೆ ಥಿಯೇಟರ್: ಗದಗಿನಲ್ಲಿ ನಾವು ಸಿನಿಮಾ ತೋರಿಸಿದ ರೀತಿ

ಒಳ್ಳೆ ಸಿನಿಮಾಗೆ ನಮ್ಮ ಕಡೆ ಜನ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜನ ಇದ್ದಾರೆ. ಅವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸಿನಿಮಾನೇ ಇರುವುದಿಲ್ಲ. ಶುಕ್ರವಾರ ಬಿಡುಗಡೆ, ಸೋಮವಾರಕ್ಕೆ ಶೋ ಕಡಿತ. ದೊಡ್ಡ ನಟರಿಲ್ಲದ ಸಿನಿಮಾ ಊರವರ ಬಾಯಿಗೆ ಬೀಳಲು ಎಂಟು-ಹತ್ತು ದಿನವಾದರೂ ಬೇಕು.

‘ಶಿವಮ್ಮ’ ಚಿತ್ರವನ್ನೇ ನೋಡಿ. ಕಥೆ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು. ಮಾತು ನಮ್ಮದೇ. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಕರ್ನಾಟಕದ ಥಿಯೇಟರಿಗೆ ಬಂದದ್ದು 2024ರ ಜೂನ್‌ನಲ್ಲಿ. ಒಟಿಟಿಯವರನ್ನು ನಂಬಿ ಕೂರುವ ಹಾಗೂ ಇಲ್ಲ. ರಕ್ಷಿತ್ ಶೆಟ್ಟಿಯಂಥ ಹೆಸರಾಂತ ನಟನ ಸಂಸ್ಥೆಯೇ ‘ಏಕಂ’ ವೆಬ್ ಸರಣಿಯನ್ನು ಒಟಿಟಿಯವರು ತಗೊಳ್ಳದೆ ಅದೇ ವರ್ಷ ಸ್ವಂತ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಹೊಸಬರ ಗತಿ ಏನು?

ನಾನು ಮತ್ತು ಗೆಳೆಯರು ಸೇರಿ ಗದಗಿನಲ್ಲಿ ಒಂದೊಂದೇ ಶೋ ಮಾಡಲು ಹೊರಟಾಗ ಥಿಯೇಟರಿನ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: ‘ಮಂದಿ ಬರೂದಿಲ್ರೀ ಸರ, ಕರೆಂಟ್ ಬಿಲ್ಲೂ ಹುಟ್ಟೂದಿಲ್ಲ.’ ಅವರ ಹೆದರಿಕೆ ಸುಳ್ಳಲ್ಲ. ಹಾಗಾಗಿ ಟಿಕೆಟ್ ಹಣದಲ್ಲಿ ಇಷ್ಟು ಪಾಲು ಅನ್ನುವ ಪರ್ಸೆಂಟೇಜ್ ಮಾತೇ ಬೇಡ ಅಂದೆವು. ಭಾನುವಾರ ಬೆಳಗಿನ ಶೋ ಕೊಡಿ, ಬಾಡಿಗೆ ಮುಂಗಡ ತಗೊಳ್ಳಿ ಅಂದೆವು. ಬೆಳಗ್ಗೆ ಹೇಗೂ ಪರದೆ ಖಾಲಿ ಇರುತ್ತದೆ ಅಲ್ವಾ?

ಆ ಮುಂಗಡದ ಹಣ ಜನರಿಂದಲೇ ಬಂತು. ಪೋಸ್ಟರ್ ಅಂಟಿಸಿ ಕಾಯಲಿಲ್ಲ. ಬೆಟಗೇರಿಯ ನೇಕಾರರ ಓಣಿ, ಮಹಿಳಾ ಸಂಘಗಳು, ಬಿ.ಎಡ್ ಕಾಲೇಜು, ಲೈಬ್ರರಿಗೆ ದಿನಾ ಬರುವ ನಿವೃತ್ತ ಮೇಷ್ಟ್ರುಗಳು, ಎಲ್ಲರ ಹತ್ತಿರವೂ ನಾವೇ ಹೋದೆವು. ಟಿಕೆಟ್ 100 ರೂಪಾಯಿ, ಹೆಸರು ಬರೆಸುವಾಗಲೇ ಕೊಡಬೇಕು. ಫ್ರೀ ಪಾಸ್ ಇಲ್ಲ. ಇದರಲ್ಲಿ ನಾನು ಹಟ ಹಿಡಿದೆ. ಸುಮ್ನೆ ಕರೆದರೆ ‘ನೋಡೋಣ್ರಿ’ ಅನ್ನುತ್ತಾರೆ, ದುಡ್ಡು ಕೊಟ್ಟವರು ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ. ಸಂಘದ ಒಬ್ಬ ಅಕ್ಕ ಒಪ್ಪಿದರೆ ಸಾಕು, ಇಡೀ ಒಂದು ಸಾಲು ಸೀಟು ತುಂಬಿದ ಹಾಗೆ.

ಇನ್ನು ತಾಂತ್ರಿಕ ಕೆಲಸ. ಥಿಯೇಟರಿಗೆ ಬರುವ ಡಿಜಿಟಲ್ ಪ್ರತಿಗೆ ಬೀಗ ಇರುತ್ತದೆ. ಅದನ್ನು ತೆರೆಯುವ ಕೀ ಆ ಥಿಯೇಟರಿನ ಸರ್ವರಿಗೆ ಮಾತ್ರ, ಗೊತ್ತು ಮಾಡಿದ ದಿನ-ಹೊತ್ತಿಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಶೋ ಹಿಂದಿನ ರಾತ್ರಿಯಿಂದಲೇ ಕೀ ನಡೆಯುವಂತೆ ಕೇಳಿ ಪಡೆಯುತ್ತೇವೆ. ಕೊನೆ ಆಟ ಬಿಟ್ಟ ಮೇಲೆ ಆಪರೇಟರ್ ಜೊತೆ ಕೂತು ಹತ್ತು ನಿಮಿಷ ಓಡಿಸಿ ಸೌಂಡ್ ನೋಡುತ್ತೇವೆ. ಸೆನ್ಸಾರ್ ಸರ್ಟಿಫಿಕೇಟ್, ನಿರ್ಮಾಪಕರ ಒಪ್ಪಿಗೆ ಪತ್ರ ಎರಡೂ ಕೈಯಲ್ಲಿರಬೇಕು.

ಶೋ ಮುಗಿದ ಮೇಲೆ ನಿರ್ದೇಶಕರನ್ನು ಕೂರಿಸಿ ಮಾತಾಡಿಸುತ್ತೇವೆ. ಒಮ್ಮೆ ಒಂದು ಸಿನಿಮಾದಲ್ಲಿ ಎಮ್ಮೆ ಮಾರಿದ್ದನ್ನು ನೋಡಿ ಒಬ್ಬ ಅಜ್ಜಿ ಎದ್ದು ನಿಂತು, ‘ಅಷ್ಟ ರೊಕ್ಕಕ್ಕ ಹಾಲ್ ಕೊಡೂ ಎಮ್ಮಿ ಯಾರ್ ಮಾರ್ತಾರಪಾ?’ ಅಂದರು. ಇನ್ನೊಬ್ಬರು, ಸಾಲದವ ಬಾಗಿಲಿಗೆ ಬಂದಾಗ ಮಾರಲೇಬೇಕಾಗುತ್ತದೆ ಅಂತ ವಾದಕ್ಕೆ ಇಳಿದರು. ಬೆಂಗಳೂರಿನ ಹುಡುಗ ನಿರ್ದೇಶಕ ಬಾಯಿ ಬಿಡದೆ ಕೇಳುತ್ತಾ ನಿಂತಿದ್ದ. ಸಿನಿಮಾವನ್ನು ಇಷ್ಟು ಮನಸ್ಸಿಟ್ಟು ನೋಡುವ ಜನರನ್ನು ಸಿನಿಮಾ ವ್ಯಾಪಾರದವರು ‘ಸಿ ಸೆಂಟರ್’, ಅಂದರೆ ಗಳಿಕೆ ಕಡಿಮೆಯ ಸಣ್ಣ ಊರು, ಅಂತ ಬದಿಗೆ ಸರಿಸುತ್ತಾರಲ್ಲ, ನನಗೆ ಸಂಕಟವಾಗುತ್ತದೆ.

ಲೆಕ್ಕ ಅಂದೇ ಮುಗಿಯಬೇಕು. ಬಾಡಿಗೆ, ಪೋಸ್ಟರ್, ಕೀ ಖರ್ಚು ತೆಗೆದು ಉಳಿದದ್ದು ನಿರ್ಮಾಪಕರಿಗೆ. ಹಣ ದೊಡ್ಡದಲ್ಲ. ಆದರೆ ಚೀಟಿ ಸಮೇತ ಕೈಗೆ ಬಂದ ಹಣ ಅದು.

1973ರಲ್ಲೇ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತ್ತು. ರೋಣ, ಮುಂಡರಗಿ, ಹಾವೇರಿಯಲ್ಲೂ ಇದು ಆಗುತ್ತದೆ. ಮಾಡುವವರು ಕೇಳಿದರೆ ನಮ್ಮ ಪಟ್ಟಿ, ಪತ್ರದ ನಮೂನೆ ಎಲ್ಲ ಕೊಡುತ್ತೇವೆ. ದಿನ ಆರಿಸುವಾಗ ಮಾತ್ರ ಊರಿನ ಜಾತ್ರೆ, ಮದುವೆ ಮುಹೂರ್ತ, ಬಿತ್ತನೆ ಮೂರನ್ನೂ ಕೇಳಿ ತಿಳಿದುಕೊಳ್ಳಿ.