ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಬಯಾಲಜಿ: ಕೆಮಿಸ್ಟ್ರಿಯಿಂದ ಲೆಕ್ಕ ಹಾಕಿ

ಪಿಯುಸಿ ಮುಗಿಸಿ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ (ವಿಜ್ಞಾನ, ಕಲೆ ಎರಡನ್ನೂ ಕಲಿಸುವ ಸಣ್ಣ ಪದವಿ ಕಾಲೇಜು) ಹೊರಟವರು ಮೊದಲು ಕೇಳುವುದು ಸಿಲಬಸ್. ಅಲ್ಲಿ ಇಡೀ ತರಗತಿಗೆ ಒಂದೇ ಸಿಲಬಸ್ ಎಂಬುದಿಲ್ಲ. ವಿಲಿಯಮ್ಸ್, ಆಮರ್ಸ್ಟ್, ಸ್ವಾರ್ಥ್‌ಮೋರ್‌ನಂಥ ಕಡೆ ಸೆಮಿಸ್ಟರಿಗೆ ನಾಲ್ಕರಂತೆ ನಾಲ್ಕು ವರ್ಷಕ್ಕೆ 32 ಕೋರ್ಸು. ಬಯಾಲಜಿಯವು ಎಂಟೊಂಬತ್ತು, ಜೊತೆಗೆ ಒಂದಿಷ್ಟು ಕೆಮಿಸ್ಟ್ರಿ, ಗಣಿತ. ಉಳಿದ ಕೋರ್ಸುಗಳಲ್ಲಿ ಇತಿಹಾಸವನ್ನೂ ಓದಬಹುದು, ಸಂಗೀತವನ್ನೂ ಕಲಿಯಬಹುದು. ಯಾವುದನ್ನು ಯಾವಾಗ ಎಂಬ ಲೆಕ್ಕ ವಿದ್ಯಾರ್ಥಿಯದೇ. ಎಡವುವುದೂ ಅಲ್ಲೇ.

ಡಾಕ್ಟರ್ ಆಗುವುದೇ ಗುರಿಯಾದರೆ ಎರಡು ಸಲ ಯೋಚಿಸಿ. ಅಲ್ಲಿ ವೈದ್ಯಕೀಯ ಓದು ಪದವಿಯ ನಂತರ, ಅದರಲ್ಲೂ ವಿದೇಶಿಯರಿಗೆ ಸೀಟು ಕೊಡುವ ಮೆಡಿಕಲ್ ಕಾಲೇಜುಗಳು ಕಡಿಮೆ.

ಮೊದಲ ಸೆಮಿಸ್ಟರ್

ಜನರಲ್ ಕೆಮಿಸ್ಟ್ರಿಯನ್ನು ಮುಂದೂಡಬೇಡಿ. ಅದು ಮುಗಿಯದೆ ಆರ್ಗ್ಯಾನಿಕ್ ಸಿಗದು, ಆರ್ಗ್ಯಾನಿಕ್ ಇಲ್ಲದೆ ಬಯೊಕೆಮಿಸ್ಟ್ರಿ ಸಿಗದು. ಸಣ್ಣ ಕಾಲೇಜಾದ್ದರಿಂದ ಇವುಗಳಲ್ಲಿ ಹಲವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ. ಒಂದು ಸೆಮಿಸ್ಟರ್ ತಪ್ಪಿಸಿಕೊಂಡವರು ಒಂದು ವರ್ಷವೇ ಹಿಂದೆ ಬೀಳುತ್ತಾರೆ. ಮೂರನೇ ವರ್ಷ ಬೇರೆ ದೇಶಕ್ಕೆ ಹೋಗಿ ಓದುವ ಅವಕಾಶಕ್ಕೂ ಕಲ್ಲು.

ಕೆಮಿಸ್ಟ್ರಿ, ಪರಿಚಯಾತ್ಮಕ ಬಯಾಲಜಿ, ಒಂದು ಬರವಣಿಗೆಯ ಕೋರ್ಸು, ಲ್ಯಾಬ್ ಇಲ್ಲದ ಇನ್ನೊಂದು: ಇಷ್ಟು ಸಾಕು. ಪ್ರತಿ ಲ್ಯಾಬ್ ಕೋರ್ಸೂ ವಾರಕ್ಕೊಂದು ಮಧ್ಯಾಹ್ನ ಮೂರ್ನಾಲ್ಕು ಗಂಟೆ ತಿನ್ನುತ್ತದೆ, ವರದಿ ಬರೆಯುವ ರಾತ್ರಿ ಬೇರೆ. ಮೂರು ಲ್ಯಾಬ್ ಒಟ್ಟಿಗೆ ಹಾಕಿಕೊಂಡರೆ ನವೆಂಬರ್ ಹೊತ್ತಿಗೆ ಸುಸ್ತು. ಎರಡನೇ ವರ್ಷ ಸ್ಟ್ಯಾಟಿಸ್ಟಿಕ್ಸ್ ಸೇರಿಸಿ; ಮುಂದಿನ ಪ್ರತಿ ಪ್ರಯೋಗಕ್ಕೂ ಅದು ಬೇಕು. ಮೇಜರ್ (ಮುಖ್ಯ ವಿಷಯ) ಘೋಷಿಸುವುದು ಸಾಮಾನ್ಯವಾಗಿ ಆ ವರ್ಷದ ಕೊನೆಗೆ.

ಲ್ಯಾಬಿನಲ್ಲಿ

ಪಿಯುಸಿಯಲ್ಲಿ ಮೈಕ್ರೊಪಿಪೆಟ್ (ತೀರಾ ಕಡಿಮೆ ದ್ರವವನ್ನು ಅಳೆದು ಹಾಕುವ ಸಾಧನ) ಮುಟ್ಟದವರೇ ಹೆಚ್ಚು. ಅದರ ಗುಂಡಿಗೆ ಎರಡು ತಡೆಗಳಿವೆ. ಮೊದಲ ತಡೆಯವರೆಗೆ ಒತ್ತಿ, ತುದಿಯನ್ನು ದ್ರವದಲ್ಲಿ ಎರಡು ಮೂರು ಮಿಲಿಮೀಟರ್ ಅದ್ದಿ, ಬೆರಳನ್ನು ನಿಧಾನ ಸಡಿಲಿಸಿ. ಎರಡನೇ ತಡೆ ಹೊರಹಾಕುವುದಕ್ಕೆ ಮಾತ್ರ. ಅಲ್ಲಿಯವರೆಗೆ ಒತ್ತಿ ಎಳೆದರೆ ಅಳತೆಗಿಂತ ಹೆಚ್ಚು ದ್ರವ ಬರುತ್ತದೆ. 20 ಮೈಕ್ರೊಲೀಟರಿಗಿಂತ ಕಡಿಮೆ ಬೇಕಾದಾಗ ಪಿ200 (200 ಮೈಕ್ರೊಲೀಟರ್ ವರೆಗಿನ ಪಿಪೆಟ್) ಬಿಟ್ಟು ಪಿ20 (20ರ ವರೆಗಿನದು) ಹಿಡಿಯಿರಿ.

ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನಿಂದ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲೂ ಕೈ ತಪ್ಪುವುದು ಸಣ್ಣ ವಿಷಯಗಳಲ್ಲೇ. ಶೇ 1ರ ಜೆಲ್‌ಗೆ 50 ಮಿಲಿಲೀಟರ್ ಟಿಎಇ ಬಫರ್ (ವಿದ್ಯುತ್ ಹರಿಯಬಿಡುವ ದ್ರಾವಣ) ತೆಗೆದುಕೊಂಡು 0.5 ಗ್ರಾಂ ಅಗರೋಸ್ (ಜೆಲ್ ಕಟ್ಟುವ ಪುಡಿ) ಕರಗಿಸಬೇಕು. ಬಫರ್ ಬದಲು ಬರೀ ನೀರು ಹಾಕಿದರೆ ವಿದ್ಯುತ್ ಸರಿಯಾಗಿ ಹರಿಯದೆ ಡಿಎನ್‌ಎ ನಿಂತಲ್ಲೇ ನಿಲ್ಲುತ್ತದೆ. ಡಿಎನ್‌ಎಗೆ ಋಣ ವಿದ್ಯುದಂಶ. ಓಡುವುದು ಕೆಂಪು (ಧನ) ತಂತಿಯ ಕಡೆಗೆ. ಆದ್ದರಿಂದ ಸ್ಯಾಂಪಲ್ ಹಾಕುವ ಗುಳಿಗಳು ಕಪ್ಪು ತಂತಿಯ ಕಡೆಗಿರಲಿ. ತಿರುಗುಮುರುಗಾದರೆ ಕಾಫಿ ಕುಡಿದು ಬರುವಷ್ಟರಲ್ಲಿ ಸ್ಯಾಂಪಲ್ ಹಿಂಬದಿಯಿಂದ ಬಫರ್ ಪಾಲು.

ಇವನ್ನೆಲ್ಲ ಆಯಾ ಕ್ಷಣವೇ ಪೆನ್ನಿನಲ್ಲಿ ನೋಟ್‌ಬುಕ್‌ಗೆ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆಯಿರಿ, ಅಳಿಸಬೇಡಿ. ನಮ್ಮ 'ಫೇರ್ ರೆಕಾರ್ಡ್' ಪದ್ಧತಿಯನ್ನು ಇಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ವರದಿ

ಮೂರು ಪುಟ ಥಿಯರಿ ಬರೆದರೆ ಅಂಕ ಬರುವುದಿಲ್ಲ. ನಿಮ್ಮ ದತ್ತಾಂಶ ಏನು ಹೇಳುತ್ತದೆ ಎಂಬುದೇ ಮುಖ್ಯ. ಗ್ರಾಫ್‌ನ ಕೆಳಗೆ ಎಷ್ಟು ಮಾದರಿ, ಎರರ್ ಬಾರ್ (ಅಳತೆಯ ಏರಿಳಿತ ತೋರಿಸುವ ಗೆರೆ) ಯಾವುದರದು ಎಂದು ಬರೆಯಿರಿ. ಫಲಿತಾಂಶ ನಿರೀಕ್ಷೆಯಂತೆ ಬರದಿದ್ದರೆ ಹಾಗೆಂದೇ ಬರೆದು ಕಾರಣ ಹುಡುಕಿ. ಕರಡು ಹಿಡಿದು ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ ಹೋಗಿ. ಸಂಕೋಚ ಬೇಡ, ಆ ಸಮಯ ಇರುವುದೇ ಅದಕ್ಕೆ.

ಬೇಸಿಗೆ ಸಂಶೋಧನೆ

ಈ ಕಾಲೇಜುಗಳ ದೊಡ್ಡ ಲಾಭವೆಂದರೆ ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲದ್ದರಿಂದ ಲ್ಯಾಬಿನ ನಿಜವಾದ ಕೆಲಸ ಪದವಿ ಹುಡುಗರ ಕೈಗೇ ಬರುತ್ತದೆ. ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ನೀಡುವ ಆರ್‌ಇಯು (ಪದವಿ ವಿದ್ಯಾರ್ಥಿಗಳ ಸಂಶೋಧನೆ) ಅವಕಾಶ ಅಮೆರಿಕದ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ನಮ್ಮವರು ಕಾಲೇಜಿನದೇ ಬೇಸಿಗೆ ಅನುದಾನಕ್ಕೆ ಅರ್ಜಿ ಹಾಕಬೇಕು. ಜನವರಿಯಲ್ಲೇ ಪ್ರಾಧ್ಯಾಪಕರಿಗೆ ಮೇಲ್ ಬರೆಯಿರಿ: ಅವರ ಒಂದು ಪ್ರಬಂಧ ಓದಿ, ಅದರಲ್ಲಿ ಅರ್ಥವಾಗದ ಒಂದು ಪ್ರಶ್ನೆ ಕೇಳಿ. ಎಲ್ಲರಿಗೂ ಒಂದೇ ಮೇಲ್ ಕಳಿಸಿದ್ದು ಸಣ್ಣ ಊರಿನಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ.

ಇನ್ನೊಂದು. ವಿಲಿಯಮ್ಸ್, ಆಮರ್ಸ್ಟ್, ಸ್ವಾರ್ಥ್‌ಮೋರ್ ಮೂರರಲ್ಲೂ ಬಯಾಲಜಿ ಓದಿದರೂ ಸಿಗುವುದು ಬಿಎ. ಊರಿಗೆ ಮರಳಿ ಎಂಎಸ್‌ಸಿಗೆ ಅರ್ಜಿ ಹಾಕುವಾಗ ಪ್ರಶ್ನೆ ಬರಬಹುದು. ಪ್ರತಿ ಕೋರ್ಸಿನ ವಿವರ, ಲ್ಯಾಬ್ ಗಂಟೆಗಳಿರುವ ಪುಟದ ಪಿಡಿಎಫ್ ಅನ್ನು ಸೆಮಿಸ್ಟರ್ ಮುಗಿದ ಕೂಡಲೇ ಇಳಿಸಿ ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಿ. ಕಾಲೇಜು ಬಿಟ್ಟ ಮೇಲೆ ಅಲ್ಲಿನ ಲಾಗಿನ್ ಮುಚ್ಚಿಹೋಗಬಹುದು.