ಥರ್ಮೋಕೋಲ್ ಗೋಡೆಗೆ ಬಿದ್ದ ಬೇಡದ ತೂತುಗಳನ್ನ ನಾನು ಮುಚ್ಚಿದ್ದು ಹೀಗೆ

ನಾವಿರೋದು ಜರ್ಮನಿಲಿ, ಸ್ಟುಟ್‌ಗಾರ್ಟ್ ಹತ್ರ. ಹಳೇ ಮನೆ, ಹಿಂದಿನ ಓನರ್ ಹೊರಗೋಡೆಗೆಲ್ಲಾ ಇನ್ಸುಲೇಶನ್ (ಚಳಿ ತಡೆಯೋ ಪದರ) ಹಾಕ್ಸಿದ್ರು. ಬಾಲ್ಕನಿಗೆ ಬಿಸಿಲು ಮರೆ ಫಿಟ್ ಮಾಡೋಕೆ ಬಂದೋನು ಅಳತೆ ತಪ್ಪಿ ಒಂದು ಸಾಲು ತೂತು ಕೊರೆದು, ಆಮೇಲೆ ಗೇಣು ಮೇಲೆ ಇನ್ನೊಂದು ಸಾಲು ಕೊರೆದು ಫಿಟ್ ಮಾಡಿ, ಕೆಳಗಿನದಕ್ಕೆ ಸ್ವಲ್ಪ ಸಿಲಿಕೋನ್ ಬಳಿದ್ರೆ ಆಯ್ತು ಅಂತ ಹೇಳಿ ಹೊರಟೇಬಿಟ್ಟ.

ಊರಲ್ಲಾಗಿದ್ರೆ ಇಟ್ಟಿಗೆ ಗೋಡೆ, ವೈಟ್ ಸಿಮೆಂಟೋ ವಾಲ್ ಪುಟ್ಟಿನೋ ತುಂಬಿ ಬಣ್ಣ ಹೊಡೆದ್ರೆ ಕಥೆ ಮುಗೀತು. ಇಲ್ಲಿ ಹಾಗಲ್ಲ, ಇಟ್ಟಿಗೆ ಮೇಲೆ ದಪ್ಪ ಥರ್ಮೋಕೋಲ್ ಹಲಗೆ (ನಮ್ಮದು 14 ಸೆಂಟಿಮೀಟರ್), ಅದರ ಮೇಲೆ ಫೈಬರ್ ಜಾಲರಿ ಕೂರಿಸಿದ ತೆಳು ಗಾರೆ, ಕೊನೆಗೆ ತರಿತರಿ ಟೆಕ್ಸ್ಚರ್. ಮಳೆ ತಡೆಯೋದು ಆ ಹೊರಗಿನ ತೆಳು ಪದರ ಮಾತ್ರ. ಬೆಚ್ಚಗಿನ ಗಾಳಿ ಹೊರಗೆ ಹೋಗುತ್ತೆ ಅಂತ ಜನ ತಲೆ ಕೆಡಿಸ್ಕೋತಾರೆ, ಬೆರಳು ಗಾತ್ರದ ತೂತಲ್ಲಿ ಹೋಗೋ ಶಾಖ ಲೆಕ್ಕಕ್ಕೇ ಇಲ್ಲ ಬಿಡಿ. ಭಯ ನೀರಿಂದು. ಗಾರೆ ಹಿಂದೆ ನೀರು ಸೇರಿ ಚಳಿಗೆ ಹೆಪ್ಪುಗಟ್ಟಿದ್ರೆ ಹಿಗ್ಗಿ ಗಾರೆನೇ ಬಿರುಕು ಬಿಟ್ಟು ಎದ್ದು ಬರುತ್ತೆ.

ಮೊದಲು ತೂತೊಳಗೆ ಕಡ್ಡಿ ಹಾಕಿ ಕೆದಕಿ ನೋಡಿ. ಬಿಳಿ ಕಾಳು ಉದುರಿದ್ರೆ ಥರ್ಮೋಕೋಲ್. ಉಣ್ಣೆ ಥರ ಎಳೆ ಬಂದ್ರೆ ಅದು ಮಿನರಲ್ ವೂಲ್, ಬೆಂಕಿಗೆ ಹತ್ತಲ್ಲ ಅಂತಲೇ ಹಾಕಿರ್ತಾರೆ, ಅದಕ್ಕೆ ಫೋಮ್ (ಡಬ್ಬಿಯಿಂದ ಒತ್ತಿದ್ರೆ ನೊರೆಯಾಗಿ ಉಬ್ಬಿ ಗಟ್ಟಿಯಾಗೋದು) ಬೇಡ, ಅದೇ ಉಣ್ಣೆ ತುಂಡು ತುರುಕಿ ಸಾಕು.

ನಮ್ಮದು ಥರ್ಮೋಕೋಲ್. ಧೂಳು ಊದಿ ತೆಗೆದು, ಸ್ವಲ್ಪ ನೀರು ಚಿಮುಕಿಸಿ, ಕಮ್ಮಿ ಉಬ್ಬೋ ಪಿಯು (ಪಾಲಿಯುರೆಥೇನ್) ಫೋಮ್‌ನ ನಳಿಕೆ ತಳದವರೆಗೂ ಬಿಟ್ಟು ಹಿಂದಕ್ಕೆ ಎಳೀತಾ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದೆ, ಉಳಿದಿದ್ದನ್ನ ಅದೇ ಉಬ್ಬಿ ತುಂಬ್ಕೊಳುತ್ತೆ. ಗ್ಲೌಸ್ ಹಾಕ್ಕೊಳಿ, ಕೈಗಂಟಿದ್ರೆ ಚರ್ಮದ ಜೊತೆನೇ ಸವೀಬೇಕು. ಗಟ್ಟಿಯಾದ ಮೇಲೆ ಹೊರಗೆ ಬಂದಿದ್ದನ್ನ ಕಟರಲ್ಲಿ ಕೊಯ್ದು, ಹಲ್ಲಿನ ಡಾಕ್ಟ್ರು ಹುಳುಕು ಕೆರೆದಂಗೆ ಒಳಕ್ಕೆ ಒಂದು ಸೆಂಟಿಮೀಟರ್ ಕೆರೆದು ಜಾಗ ಮಾಡ್ಕೊಂಡೆ. ಫೋಮ್ ಹಾಗೇ ಬಿಟ್ರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತೆ. ಸಾಲ್ವೆಂಟ್ (ಥಿನ್ನರ್ ಥರದ್ದು) ಇರೋ ಅಂಟು ಮಾತ್ರ ಹತ್ರಕ್ಕೂ ತರಬೇಡಿ, ಥರ್ಮೋಕೋಲ್ ಕರಗಿ ತೂತು ಗುಹೆಯಾಗುತ್ತೆ.

ಮೇಲಿನ ಮುಚ್ಚಳಕ್ಕೆ ಸಿಲಿಕೋನ್ ಬೇಡ, ಬಣ್ಣ ಹಿಡಿಯಲ್ಲ, ಒಂದೊಂದು ಚುಕ್ಕೆನೂ ಹೊಳೀತಾ ಎದ್ದು ಕಾಣುತ್ತೆ. ಹೊರಗೋಡೆಗೇ ಅಂತ ಮರಳು ಬೆರೆಸಿದ ಅಕ್ರಿಲ್ ಪೇಸ್ಟಿನ ಟ್ಯೂಬ್ ಸಿಗುತ್ತೆ, ಅದನ್ನೇ ತಂದೆ. ಒತ್ತಿ ತುಂಬಿ, ಅಂಚನ್ನ ಒದ್ದೆ ಸ್ಪಂಜಲ್ಲಿ ಒರೆಸಿ, ಇನ್ನೂ ಹಸಿ ಇರುವಾಗಲೇ ಹಳೇ ಟೂತ್‌ಬ್ರಷ್ ತುದಿಯಲ್ಲಿ ತಟ್ಟಿದ್ರೆ ಮರಳ ಕಾಳು ಎದ್ದು ಪಕ್ಕದ ತರಿ ಜೊತೆ ಸೇರ್ಕೊಳುತ್ತೆ, ಉಜ್ಜಿದ್ರೆ ನುಣುಪಾಗಿ ಕೆಡುತ್ತೆ. ಒಣಗುವಾಗ ಕುಗ್ಗಿ ಗುಳಿ ಬೀಳುತ್ತೆ, ಇನ್ನೊಂದು ಕೈ ಹಾಕ್ಲೇಬೇಕು. 5 ಡಿಗ್ರಿಗಿಂತ ಕಮ್ಮಿ ಇದ್ರೆ, ಮಳೆ ಮೋಡ ಇದ್ರೆ, ಆ ಕೆಲಸಕ್ಕೆ ಕೈ ಹಾಕ್ಬೇಡಿ.

ಒಂದು ಕಡೆ ಗಾರೆನೂ ಅಂಗೈ ಅಗಲ ಕಿತ್ತು ಬಂದಿತ್ತು. ಅಲ್ಲಿ ಫೋಮ್ ಆಟ ನಡೆಯಲ್ಲ, ಚೌಕಾಕಾರ ಕೊಯ್ದು ಥರ್ಮೋಕೋಲ್ ತುಂಡು ಕೂರಿಸಿ, ಸುತ್ತ ಟೆಕ್ಸ್ಚರ್ ಕೆರೆದು, ಹಳೇ ಜಾಲರಿ ಮೇಲೆ ಹೊಸ ಜಾಲರಿ 10 ಸೆಂಟಿಮೀಟರ್ ಹತ್ತೋ ಹಾಗೆ ಗಾರೆ ಹಾಕ್ಬೇಕು.

ಬಣ್ಣ ಬ್ರಷ್ ಎಳೆದು ಹೊಡೀದೆ ತಟ್ಟಿ ತಟ್ಟಿ ಹಚ್ಚಿದೆ. ಹಳೇ ಗೋಡೆ ಬಣ್ಣ ಮಾಸಿರುತ್ತಲ್ಲ, ಅದೇ ಡಬ್ಬಿ ಉಳಿದಿದ್ರೂ ಮ್ಯಾಚ್ ಆಗಲ್ಲ, ಹತ್ರ ಹೋದ್ರೆ ಈಗಲೂ ಗೊತ್ತಾಗುತ್ತೆ. ಬಾಡಿಗೆ ಮನೆಯಾದ್ರೆ ಇದೆಲ್ಲಾ ಮಾಡೋಕೆ ಮುಂಚೆ ಓನರ್‌ಗೆ ಫೋಟೋ ಕಳ್ಸಿ ಕೇಳ್ಬಿಡಿ, ಇಲ್ಲಿ ಹೊರಗೋಡೆ ಅವರ ಸ್ವತ್ತು.