ಗಂಡು ಮರವೆಂದು ಕಡಿಯಹೊರಟಿದ್ದ ಬಟರ್ ಫ್ರೂಟ್

ಮೂಡಿಗೆರೆ ಹತ್ತಿರದ ನಮ್ಮ ರೋಬಸ್ಟಾ ತೋಟದಲ್ಲಿ, ಕಾಫಿ ಕಣದ ಪಕ್ಕ ಒಂದು ಬಟರ್ ಫ್ರೂಟ್ ಮರ. ಅಪ್ಪ ಬೀಜ ಹಾಕಿ ಎಬ್ಬಿಸಿದ್ದು. ಪ್ರತಿ ಫೆಬ್ರವರಿಯಲ್ಲೂ ಎಲೆ ಮುಚ್ಚುವಷ್ಟು ಹೂ. ಮಳೆಗಾಲದಲ್ಲಿ ನೋಡಿದರೆ ಹತ್ತೋ ಹನ್ನೆರಡೋ ಕಾಯಿ. ದೃಷ್ಟಿ ತಾಗಿದೆಯೆಂದು ಅಮ್ಮ ಹಳೇ ಚಪ್ಪಲಿ ಕಟ್ಟಿಸಿದರು, ನಾನು ಗೊಬ್ಬರ ಸುರಿದೆ. ಕಡೆಗೆ ಮೇಸ್ತ್ರಿ, "ಗಂಡು ಮರ ಅಯ್ಯಾ ಇದು. ಕಡ್ಸಿ ಬಿಡಿ, ಒಂದು ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಾಣ" ಅಂದ.

ಕಡಿಸುವ ಮೊದಲು ಒಮ್ಮೆ ಹೂ ನೋಡೋಣ ಅನ್ನಿಸಿತು. ಕೈಗೆಟುಕುವ ಗೊಂಚಲಿನ ಮೊಗ್ಗುಗಳಿಗೆ ಕೆಂಪು ದಾರ ಕಟ್ಟಿ, ಅಪ್ಪನ ಭೂತಗನ್ನಡಿ ಹಿಡಿದು ಎರಡು ದಿನ ಅಲ್ಲೇ ಕೂತೆ. ಬೆಳಗ್ಗೆ ಒಂಬತ್ತೂವರೆಗೆ ಅರಳಿದ ಹೂವಿನಲ್ಲಿ ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ನೆಟ್ಟಗಿತ್ತು. ಪರಾಗ ಕೊಡುವ ಒಂಬತ್ತು ಕೇಸರಗಳೂ ದಳದ ಮೇಲೆ ಮಲಗಿದ್ದವು, ಪರಾಗದ ಸುಳಿವಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಂಡಿತು. ಮಾರನೇ ದಿನ ಊಟ ಮುಗಿಸಿ ಬಂದರೆ ಅದೇ ದಾರದ ಹೂ ಮತ್ತೆ ಅರಳಿದೆ! ಈ ಸಲ ಕೇಸರಗಳು ಎದ್ದು ನಿಂತು ಪರಾಗ ಬಿಚ್ಚಿವೆ, ಶಲಾಕೆಯ ತುದಿ ಕಂದಾಗಿದೆ. ಒಂದೇ ಹೂ, ಮೊದಲ ದಿನ ಹೆಣ್ಣು, ಮರುದಿನ ಗಂಡು. ಗೊಡ್ಡೂ ಅಲ್ಲ, ಗಂಡು ಮರವೂ ಅಲ್ಲ. ಹೂ ಹೆಣ್ಣಾಗಿರುವ ಹೊತ್ತಿಗೆ ಪರಾಗ ಕೊಡುವ ಜೋಡಿ ಮರ ಇರಲಿಲ್ಲ ಅಷ್ಟೆ. ಚಳಿ ಹೆಚ್ಚಾದ ದಿನಗಳಲ್ಲಿ ಈ ವೇಳಾಪಟ್ಟಿ ಏರುಪೇರಾಗುತ್ತದೆ. ಆ ಹತ್ತು ಕಾಯಿ ಹಾಗೆ ನಿಂತದ್ದಿರಬೇಕು.

ಇದನ್ನು ಎ ಗುಂಪು ಅನ್ನುತ್ತಾರೆ. ಬಿ ಗುಂಪಿನದು ಮಧ್ಯಾಹ್ನದ ಮೇಲೆ ಹೆಣ್ಣು, ಮರುದಿನ ಬೆಳಗ್ಗೆ ಗಂಡು. ಹೆಸರಿರುವ ತಳಿಗಳಲ್ಲಿ ಹ್ಯಾಸ್ ಎ, ಫ್ಯುಯೆರ್ಟೆ ಬಿ. ನಮ್ಮಂಥವರ ಬೀಜದ ಮರ ಯಾವುದೆಂದು ಹೂ ಕಾದೇ ತಿಳಿಯಬೇಕು. ಗುಡ್ಡದಾಚೆ ಕೂಲಿಯವರ ಲೈನ್ ಮನೆಗಳ ಹಿಂದೆ ಒಂದು ಬಿ ಸಿಕ್ಕಿತು. ಕಣದ ಮರದ ಒಂದು ಕೊಂಬೆ ಕತ್ತರಿಸಿ, ಚಿಗುರು ಬಂದ ಮೇಲೆ ಆ ಮರದ ಆರು ಕಡ್ಡಿ ತಂದು ಸೀಳು ಕಸಿ ಮಾಡಿದೆ. ಎರಡು ಹಿಡಿದವು. ಮೂರನೇ ವರ್ಷ ಹೂ ಬಿಟ್ಟವು.

ಪರಾಗ ಹೊರುವವರು ಬೇಕಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಗುಡಿಸಿ ಹಾಕಿದಾಗ ಅಪ್ಪನ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ನಾನು ಹೊಸದಾಗಿ ಎರಡು ತಂದೆ. ಒಂದು ಮೊದಲ ಮಳೆಗಾಲದಲ್ಲೇ ಹಾರಿಹೋಯಿತು. ಸಕ್ಕರೆ ಪಾಕ ಇಡಲು ಸೋಮಾರಿತನ ಮಾಡಿದ್ದೆ. ಇನ್ನೊಂದಕ್ಕೆ ನಾನೇ ಶತ್ರುವಾದೆ. ಕಾಫಿಗೆ ಹಿಟ್ಟು ತಿಗಣೆ ಬಿತ್ತೆಂದು ಹೂವಿನ ಕಾಲದಲ್ಲಿ, ಅದೂ ಬೆಳಗ್ಗೆ ಒಂಬತ್ತಕ್ಕೆ ಔಷಧಿ ಹೊಡೆಸಿ, ಸಂಜೆ ಪೆಟ್ಟಿಗೆ ಮುಂದೆ ಸತ್ತ ನೊಣಗಳನ್ನು ಪೊರಕೆಯಲ್ಲಿ ಗುಡಿಸಿದೆ.

ಮತ್ತೆ ಪೆಟ್ಟಿಗೆ ತಂದ ಮೇಲೆ ಇನ್ನೊಂದು ತೊಡಕು ಕಂಡಿತು. ಜೆಟ್ (ತುಂತುರು ನೀರಾವರಿ) ಹಾಕಿ ಬ್ಲಾಸಮ್, ಅಂದರೆ ಹೂ ಅರಳಿಸುವ ನೀರು, ಕೊಟ್ಟ ಎಂಟೊಂಬತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ಮೂರು ದಿನ ಇಡೀ ತೋಟ ಬೆಳ್ಳಗೆ, ಘಮಘಮ. ತುಡುವೆ, ಹೆಜ್ಜೇನು ಎಲ್ಲ ಅಲ್ಲೇ. ಬಟರ್ ಫ್ರೂಟಿನ ಹಸಿರು ಮಿಶ್ರಿತ ಹಳದಿ ಹೂವನ್ನು ಕೇಳುವವರಿಲ್ಲ. ರೋಬಸ್ಟಾಗೂ ಬೇರೆ ಗಿಡದ ಪರಾಗವೇ ಬೇಕು, ಹಾಗಾಗಿ ಜೇನಿನ ಮೇಲೆ ಸಿಟ್ಟಾಗುವಂತಿಲ್ಲ. ಈಗ ಕಣದ ಸುತ್ತಲಿನ ಬ್ಲಾಕಿಗೆ ಕಡೆಯಲ್ಲಿ ಜೆಟ್ ಹಾಕುತ್ತೇನೆ. ಪಕ್ಕದ ತೋಟದವರು ನನ್ನನ್ನು ಕೇಳಿ ನೀರು ಕೊಡುವುದಿಲ್ಲವಾದ್ದರಿಂದ ಇದು ಅರ್ಧ ಉಪಾಯ. ಉಳಿದರ್ಧವನ್ನು ಕುಟುಕದ ಪುಟ್ಟ ಮುಜಂಟಿ ಜೇನು ಮತ್ತು ನಾವು ಛೀ ಅನ್ನುವ ಹಸಿರು ನೊಣಗಳು ನೋಡಿಕೊಂಡವು. ಕಾಫಿ ಅರಳಿದ ದಿನವೂ ಅವು ಈ ಮರ ಬಿಟ್ಟಿರಲಿಲ್ಲ. ಹಳೇ ಮಣ್ಣಿನ ಗೋಡೆಯ ಮುಜಂಟಿ ಗೂಡನ್ನು ಕೆಡವಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಸಾವಿರ ಹೂವಿಗೆ ಒಂದೆರಡು ಕಾಯಿ ನಿಂತರೆ ಈ ಮರದಲ್ಲಿ ಅದೇ ದೊಡ್ಡದು. ಹೋದ ಆಗಸ್ಟಿನಲ್ಲಿ ನಾಲ್ಕು ಕ್ರೇಟ್ ಇಳಿಸಿದೆವು. ಈಚಿನ ಗಾಳಿಗೆ ಕಸಿಯ ಕೊಂಬೆ ಅರ್ಧ ಸೀಳಿದೆ; ಹುರಿಹಗ್ಗ ಬಿಗಿದು ನಿಲ್ಲಿಸಿದ್ದೇನೆ. ಮೂಡಣ ಬದಿಯ ಇನ್ನೊಂದು ಕೊಂಬೆಗೂ ನಾಲ್ಕು ಕಡ್ಡಿ ಕಟ್ಟಿಯಾಗಿದೆ, ಈ ಸಲ ಮೇಸ್ತ್ರಿಯ ಕೈಯಲ್ಲೇ.